ಗೆಳೆಯರೆಲ್ಲ ಸೇರಿ ಆನ್‌ಲೈನ್ ಗಾಲ್ಫ್ ಗೇಮ್ ಲೀಗ್ ನಡೆಸಬಹುದಾ? ಗಾಲ್ಫ್ ಕೋಲು ಮುಟ್ಟದವರಿಗೂ ಆಗುತ್ತಾ?

ನೀವು ಕೇಳಿರುವುದು ಇಷ್ಟು: ಕಾಲೇಜಿನ ಐದಾರು ಗೆಳೆಯರು ಈಗ ಒಬ್ಬೊಬ್ಬರು ಒಂದೊಂದು ಊರಲ್ಲಿದ್ದೀರಿ. ವಾರಕ್ಕೊಮ್ಮೆ ಗಾಲ್ಫ್ ಗೇಮ್ ಆಡುವ ಲೀಗ್ ಮಾಡುವ ಆಸೆ. ಆದರೆ ಯಾರಿಗೂ ಗಾಲ್ಫ್ ಗೊತ್ತಿಲ್ಲ. ನಡೆಯುತ್ತಾ, ಇಲ್ಲ ಎರಡು ವಾರಕ್ಕೆ ನಿಂತು ಹೋಗುತ್ತಾ ಅಂತ.

ನಡೆಯುತ್ತೆ. ನಮ್ಮದು ಮೂರನೇ ವರ್ಷ. ಆರು ಜನ ಇದ್ದೇವೆ. ನಾನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಒಂದು ಯೂನಿಟ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಒಬ್ಬ ಗಂಗಾವತಿಯಲ್ಲಿ ರೈಸ್ ಮಿಲ್ ನೋಡಿಕೊಳ್ಳುತ್ತಾನೆ, ಒಬ್ಬ ಸಿಂಧನೂರಿನಲ್ಲಿ ಮೇಷ್ಟ್ರು, ಒಬ್ಬನಿಗೆ ತೋರಣಗಲ್ಲಿನಲ್ಲಿ ಶಿಫ್ಟ್ ಡ್ಯೂಟಿ, ಉಳಿದಿಬ್ಬರು ಬೆಂಗಳೂರು. ಇವತ್ತಿಗೂ ಆರರಲ್ಲಿ ಒಬ್ಬನೂ ನಿಜವಾದ ಗಾಲ್ಫ್ ಕೋಲು ಕೈಯಲ್ಲಿ ಹಿಡಿದಿಲ್ಲ. ನಮ್ಮ ಕಡೆ ಅಷ್ಟು ಹಸಿರು ಕಾಣಬೇಕು ಅಂದ್ರೆ ತುಂಗಭದ್ರಾ ಕಾಲುವೆಗೆ ನೀರು ಬಿಟ್ಟ ಮೇಲೆ ಭತ್ತದ ಗದ್ದೆ ನೋಡಬೇಕು.

ಹಾಗಾದ್ರೆ ಗಾಲ್ಫ್ ಯಾಕೆ? 2021ರ ಆಗಸ್ಟ್ 7, ಶನಿವಾರ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಕೊನೆಯ ಸುತ್ತು ಆಡುತ್ತಿದ್ದರು. ಬೆಳಗಿನ ಜಾವವೇ ಎದ್ದು ಟಿವಿ ಮುಂದೆ ಕೂತವರಲ್ಲಿ ನಾವೂ ಇದ್ದೆವು. ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬ "ಬರ್ಡಿ ಅಂದ್ರೆ ಏನಲೇ?" ಅಂತ ಕೇಳ್ತಾನೆ, ಇನ್ನೊಬ್ಬ "ಕಡಿಮೆ ಹೊಡೆದವರು ಗೆಲ್ಲೋದಾ, ಜಾಸ್ತಿ ಹೊಡೆದವರಾ?" ಅಂತಾನೆ. ಅದಿತಿ 15 ಅಂಡರ್‌ನಲ್ಲಿ, ಅಂದ್ರೆ ನಿಗದಿ ಮಾಡಿದ್ದಕ್ಕಿಂತ 15 ಹೊಡೆತ ಕಮ್ಮಿಯಲ್ಲಿ, ಮುಗಿಸಿದರು. ನಾಲ್ಕನೇ ಸ್ಥಾನ. ನ್ಯೂಜಿಲೆಂಡಿನ ಲಿಡಿಯಾ ಕೋ 16 ಅಂಡರ್, ಅವರಿಗೆ ಕಂಚು. ಒಂದೇ ಒಂದು ಹೊಡೆತ. ಅವತ್ತಿನ ಸಂಕಟದಲ್ಲಿ ಆಟದ ಲೆಕ್ಕ ನಮಗೆ ತಾನಾಗಿಯೇ ಅರ್ಥವಾಯಿತು. ನಿಮಗೂ ಅಷ್ಟು ಸಾಕು: ಪ್ರತಿ ಗುಂಡಿಗೂ ಇಷ್ಟು ಹೊಡೆತ ಅಂತ ಒಂದು ಅಳತೆ, ಅದು ಪಾರ್. ಒಂದು ಕಮ್ಮಿ ಆದರೆ ಬರ್ಡಿ, ಎರಡು ಕಮ್ಮಿ ಆದರೆ ಈಗಲ್, ಒಂದು ಜಾಸ್ತಿ ಆದರೆ ಬೋಗಿ. 18 ಗುಂಡಿ ಸೇರಿ ಹೆಚ್ಚಾಗಿ ಪಾರ್ 72. ನಮ್ಮವ್ವ ಒಂದು ಸಲ ಹಿಂದೆ ನಿಂತು ನೋಡಿ, "ಇದು ಗೋಲಿ ಆಟ ಅಲ್ಲೇನೋ? ದುಡ್ಡು ಕೊಟ್ಟು ತಗೊಂಡಿಯಾ?" ಅಂದಳು. ಅವಳು ಹೇಳಿದ್ದೇ ಸರಿ.

ಆಮೇಲೆ 2022ರಲ್ಲಿ ಪಿಜಿಎ ಟೂರ್ 2ಕೆ23 ಅನ್ನೋ ಗಾಲ್ಫ್ ವಿಡಿಯೋ ಗೇಮ್ ಬಂತು, ಅದರಲ್ಲಿ ಶುರು ಮಾಡಿದೆವು. ಈ ಗೇಮ್‌ಗಳಲ್ಲಿ ಸೊಸೈಟಿ ಅಂತ ಒಂದು ವ್ಯವಸ್ಥೆ ಇದೆ. (ಸೊಸೈಟಿ ಅಂದ ಕೂಡಲೇ ಗಂಗಾವತಿಯವನು "ಗೊಬ್ಬರ ಕೊಡ್ತಾರೇನು?" ಅಂದ.) ನೀವೇ ಒಂದು ಸೊಸೈಟಿ ತೆರೆದು, ಗೆಳೆಯರನ್ನು ಸೇರಿಸಿ, ಈ ವಾರ ಈ ಕೋರ್ಸ್ (ಅಂದ್ರೆ ಗಾಲ್ಫ್ ಮೈದಾನ), ಇಂಥ ದಿನದೊಳಗೆ ಆಡಿ ಮುಗಿಸಿ ಅಂತ ಇಡಬಹುದು. ಅವರವರಿಗೆ ಬಿಡುವಾದಾಗ ಅವರವರು ಆಡುತ್ತಾರೆ, ಸ್ಕೋರ್ ಪಟ್ಟಿಗೆ ಸೇರುತ್ತೆ. ಗಾಲ್ಫ್ ನಮಗೆ ಹೊಂದಿದ್ದೇ ಇದರಿಂದ. ಕ್ರಿಕೆಟ್ಟೋ ಗುಂಡು ಹಾರಿಸುವ ಆಟವೋ ಆದರೆ ಎಲ್ಲರೂ ಒಂದೇ ಹೊತ್ತಿಗೆ ಕೂರಬೇಕು. ನೈಟ್ ಶಿಫ್ಟ್ ಮುಗಿಸಿ ಬೆಳಿಗ್ಗೆ ಮನೆಗೆ ಬರುವವನನ್ನೂ ಸಂಜೆ ಟ್ಯೂಷನ್ ಹೇಳುವ ಮೇಷ್ಟ್ರನ್ನೂ ಒಂದೇ ಹೊತ್ತಿಗೆ ಕೂರಿಸೋದು ಯಾರಿಂದ ಆಗುತ್ತೆ? ಒಬ್ಬನೇ ಆಡಿದರೆ 18 ಗುಂಡಿಗೆ ಮುಕ್ಕಾಲು ಗಂಟೆ ಸಾಕು.

ಇನ್ನೊಂದು ಅನುಕೂಲ, ಇಂಟರ್‌ನೆಟ್ ಸ್ವಲ್ಪ ಕುಂಟಿದರೂ ತೊಂದರೆ ಕಡಿಮೆ. ನೀವು ಹೊಡೆಯುವುದು ನಿಂತ ಚೆಂಡು, ಎದುರಾಳಿ ಬಂದು ಕಸಿಯುವುದಿಲ್ಲ. ನಿಜವಾದ ಶತ್ರು ನಿಮ್ಮ ಟಿವಿ. ಇದನ್ನು ಯಾರೂ ಹೇಳುವುದಿಲ್ಲ, ನಾನು ಎರಡು ತಿಂಗಳು ಒದ್ದಾಡಿ ಕಲಿತೆ. ಕೈಯಲ್ಲಿರುವ ಕಂಟ್ರೋಲರ್‌ನ ಕಡ್ಡಿಯನ್ನು ಹಿಂದಕ್ಕೆ ಎಳೆದು ಮುಂದಕ್ಕೆ ತಳ್ಳುವ ವೇಗದ ಮೇಲೆ ಹೊಡೆತ ನಿಂತಿದೆ. ಬಲಗೈಯವನಿಗೆ ಬೇಗ ತಳ್ಳಿದರೆ ಚೆಂಡು ಎಡಕ್ಕೆ, ತಡವಾದರೆ ಬಲಕ್ಕೆ. ನನ್ನದು ಯಾವಾಗಲೂ ಬಲಕ್ಕೇ ಹೋಗುತ್ತಿತ್ತು. ಕೈಯದೇ ತಪ್ಪು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಟಿವಿ ಚಿತ್ರವನ್ನು ಚಂದ ಮಾಡೋಕೆ ಒಂದಷ್ಟು ಹೊತ್ತು ಹಿಡಿದುಕೊಂಡು ಆಮೇಲೆ ತೋರಿಸುತ್ತೆ. ನಾನು ನೋಡುತ್ತಿದ್ದದ್ದು ಆಗಿಹೋದದ್ದನ್ನ. ಸೆಟ್ಟಿಂಗ್‌ಗೆ ಹೋಗಿ ಗೇಮ್ ಮೋಡ್ ಹಾಕಿದೆ. ಮಾರನೇ ದಿನವೇ ಆರು ಹೊಡೆತ ಇಳಿಯಿತು.

ಈಗ ಅಸಲು ವಿಷಯ. ನಮ್ಮ ಮೊದಲ ಸೀಸನ್ ಐದನೇ ವಾರಕ್ಕೆ ಸತ್ತಿತು. ಕಾರಣ ಕರೆಂಟಲ್ಲ, ನೆಟ್ಟಲ್ಲ. ಪ್ರತಿ ವಾರ ನಾನು ಅಥವಾ ಬೆಂಗಳೂರಿನ ಒಬ್ಬ, ಇಬ್ಬರೇ ಗೆಲ್ಲುತ್ತಿದ್ದೆವು. ನಾವು 68, 70 ಹೊಡೆದರೆ ಗಂಗಾವತಿಯವನು 84. ಅವನು ಎಷ್ಟೇ ಚೆನ್ನಾಗಿ ಆಡಿದರೂ ಕೊನೆಗೇ. ಒಂದು ವಾರ "ಮಿಲ್ ಸೀಸನ್ ಜೋರೈತಿ, ಟೈಮಿಲ್ಲ" ಅಂದ. ಮಿಲ್ ಸೀಸನ್ ಆಗ ಇರಲೇ ಇಲ್ಲ. ಮೇಷ್ಟ್ರು ಪೇಪರ್ ತಿದ್ದೋದಿದೆ ಅಂದ. ಅದೂ ಸುಳ್ಳು. ನಾನೂ ಬೆಂಗಳೂರಿನವನೂ ಇಬ್ಬರೇ ಉಳಿದು, ಒಬ್ಬರಿಗೊಬ್ಬರು ಕಪ್ ಕೊಟ್ಟುಕೊಂಡ ಹಾಗಾಯಿತು. ಲೀಗ್ ಉಳಿಸೋದು ಗೆಲ್ಲುವವನಲ್ಲ, ಕೊನೆಯಲ್ಲಿ ಬರುವವನು. ಮುಂದಿನ ಭಾನುವಾರ ಅವನು ಯಾಕೆ ಆಡಬೇಕು? ಅದಕ್ಕೆ ನಿಮ್ಮ ಹತ್ತಿರ ಉತ್ತರ ಇರಬೇಕು.

ಉತ್ತರ ಗಾಲ್ಫ್‌ನಲ್ಲೇ ಇತ್ತು, ನಮಗೆ ಗೊತ್ತಿರಲಿಲ್ಲ ಅಷ್ಟೇ: ಹ್ಯಾಂಡಿಕ್ಯಾಪ್. ಚೆನ್ನಾಗಿ ಆಡುವವನೂ ಈಗಷ್ಟೇ ಕಲಿಯುವವನೂ ಒಂದೇ ಪಂದ್ಯದಲ್ಲಿ ಸಮನಾಗಿ ಆಡಲಿ ಅಂತ ಮಾಡಿರುವ ಲೆಕ್ಕ ಅದು. ನಿಜವಾದ ಗಾಲ್ಫ್‌ನಲ್ಲಿ 2020ರಿಂದ ಜಗತ್ತಿಗೆಲ್ಲ ಒಂದೇ ಪದ್ಧತಿ ತಂದಿದ್ದಾರೆ, ಕೊನೆಯ 20 ಸುತ್ತುಗಳಲ್ಲಿ ಒಳ್ಳೆಯ 8 ಹಿಡಿದು ಲೆಕ್ಕ ಹಾಕುತ್ತಾರೆ. ನಮಗೆ ಅಷ್ಟು ಸುತ್ತು ಎಲ್ಲಿಂದ ಬರಬೇಕು? ಕೊನೆಯ 4ರಲ್ಲಿ ಒಳ್ಳೆಯ 2 ಅಂತ ಮಾಡಿಕೊಂಡೆವು. ನೋಡಿ, ಗಂಗಾವತಿಯವನ ಕೊನೆಯ ನಾಲ್ಕು 86, 84, 82, 80. ಒಳ್ಳೆಯ ಎರಡರ ಸರಾಸರಿ 81. ಪಾರ್‌ಗಿಂತ 9 ಜಾಸ್ತಿ. ಅದರಲ್ಲಿ ನೂರಕ್ಕೆ ಎಂಬತ್ತು ಹಿಡಿದರೆ ಸುಮಾರು 7. ಅವನು ಎಷ್ಟು ಹೊಡೆದರೂ 7 ಕಳೆಯುತ್ತೇವೆ. ನನ್ನದು 72, 71, 69, 67. ಸರಾಸರಿ 68, ಪಾರ್‌ಗಿಂತ 4 ಕಡಿಮೆ. ಅದರಲ್ಲೂ ನೂರಕ್ಕೆ ಎಂಬತ್ತು ಹಿಡಿದರೆ ಸುಮಾರು 3. ನನಗೆ 3 ಕೂಡಿಸುತ್ತೇವೆ. ಅವನು 77 ಹೊಡೆದರೆ 70. ನಾನು 68 ಹೊಡೆದರೂ 71. ಅವನು ಗೆದ್ದ.

ಪೂರ್ತಿ ನೂರಕ್ಕೆ ನೂರು ಕೊಡಬೇಡಿ. ಹಾಗೆ ಕೊಟ್ಟರೆ ಚೆನ್ನಾಗಿ ಆಡುವವನಿಗೆ ಬೇಜಾರು. ಎಲ್ಲ ಸುತ್ತುಗಳ ಸರಾಸರಿಯನ್ನೂ ಹಿಡಿಯಬೇಡಿ. ನಮ್ಮಲ್ಲೊಬ್ಬ (ಹೆಸರು ಹೇಳಲ್ಲ, ಬೆಂಗಳೂರಿನವನು) ಎರಡು ವಾರ ಬೇಕಂತಲೇ ನೀರಿಗೆ ಹೊಡೆದು ಹ್ಯಾಂಡಿಕ್ಯಾಪ್ ಏರಿಸಿಕೊಂಡ. ಒಳ್ಳೆಯ ಎರಡನ್ನೇ ಹಿಡಿದ ಮೇಲೆ ಆ ಕಳ್ಳಾಟ ನಿಂತಿತು. ಈ ಲೆಕ್ಕ ನಾನೇ ಬರೆಯುತ್ತೇನೆ, ಯೂನಿಟ್‌ನ ಹಳೆಯ ಲೆಡ್ಜರ್ ಪುಸ್ತಕದಲ್ಲಿ, ಎಡಕ್ಕೆ ಹೊಡೆದದ್ದು, ಬಲಕ್ಕೆ ಕಳೆದದ್ದು. ಭಾನುವಾರ ರಾತ್ರಿ ಪುಟದ ಫೋಟೋ ಗ್ರೂಪಿಗೆ.

ಎರಡನೇ ನಿಯಮ ಇದಕ್ಕಿಂತ ಒಳ್ಳೆಯದು: ಈ ವಾರ ಕೊನೆಗೆ ಬಂದವನು ಮುಂದಿನ ವಾರದ ಕೋರ್ಸ್ ಆರಿಸುತ್ತಾನೆ. ತೋರಣಗಲ್ಲಿನವನು ಒಮ್ಮೆ ಗತ್ತಿನಲ್ಲಿ ಟಿಪಿಸಿ ಸಾಗ್ರಾಸ್ ಆರಿಸಿದ. ಅಮೆರಿಕದ ಫ್ಲೋರಿಡಾದ ಕೋರ್ಸ್ ಅದು. ಅದರ 17ನೇ ಗುಂಡಿ 137 ಗಜ, ಪಾರ್ 3. ಸುತ್ತ ನೀರು, ನಡುವೆ ಒಂದು ಅಂಗಳದಷ್ಟು ಹುಲ್ಲು. ಆರಿಸಿದವನೇ ಮೂರು ಚೆಂಡು ನೀರಿಗೆ ಬಿಟ್ಟ. ನೀರಿಗೆ ಬಿದ್ದ ಪ್ರತಿ ಚೆಂಡಿಗೂ ಒಂದು ಹೊಡೆತ ದಂಡ ಬೇರೆ. ಪಾರ್ 3ರಲ್ಲಿ 9. ಅವತ್ತು ಗ್ರೂಪಿನಲ್ಲಿ ಅವನ ಹೆಸರು "ಡ್ಯಾಮ್" ಅಂತ ಬದಲಾಯಿತು, ಇನ್ನೂ ಹಾಗೇ ಇದೆ.

ಗಂಗಾವತಿಯವನು ಇನ್ನೂ ಮುಂದೆ ಹೋದ. ಈ ಗೇಮ್‌ನಲ್ಲಿ ನಾವೇ ಕೋರ್ಸ್ ಕಟ್ಟಬಹುದು. ನೆಲ ಏರಿಸಿ ಇಳಿಸಿ, ನೀರು ಹರಿಸಿ, ಮರ ಕಲ್ಲು ಇಟ್ಟು. ಅವನು ಒಂದು ತಿಂಗಳು ಯಾರಿಗೂ ಹೇಳದೆ ಆನೆಗೊಂದಿ ಕಡೆಯ ಗುಡ್ಡಗಳ ಹಾಗೆ ಒಂದು ಕೋರ್ಸ್ ಮಾಡಿದ. ಬಂಡೆ ಮೇಲೆ ಬಂಡೆ. ನಡುವೆ ಎತ್ತಿನ ಗಾಡಿ ದಾರಿಯಷ್ಟು ಹುಲ್ಲು, ಪಕ್ಕದಲ್ಲಿ ಹೊಳೆ. ಏಳನೇ ಗುಂಡಿಯಲ್ಲಿ ನಾನು ದೂರ ಹೊಡೆಯುವ ದೊಡ್ಡ ಕೋಲು, ಡ್ರೈವರ್, ತೆಗೆದುಕೊಂಡು ಜೋರಾಗಿ ಬಾರಿಸಿದೆ. ಚೆಂಡು ಒಂದು ಬಂಡೆಗೆ ಬಡಿದು, ಟಿಣ್ ಅಂತ ಇನ್ನೊಂದಕ್ಕೆ ಬಡಿದು, ನನ್ನ ತಲೆ ಮೇಲಿಂದ ಹಾರಿ ಹಿಂದಿನ ಹೊಳೆಗೆ ಬಿತ್ತು. ಪಾರ್ 4, ನನ್ನದು 8. ಅವನಿಗೆ ಮಾತ್ರ ಗೊತ್ತಿತ್ತು, ಅಲ್ಲಿ ಸಣ್ಣ ಕೋಲಲ್ಲಿ ಮೊದಲು ಬಲಕ್ಕೆ ಹೊಡೆಯಬೇಕು ಅಂತ. ಆ ವಾರ ಹ್ಯಾಂಡಿಕ್ಯಾಪ್ ಕಳೆಯದೆಯೇ ಗೆದ್ದ. ಮಿಲ್ ಸೀಸನ್ ಮಾತು ಆಮೇಲೆ ಬರಲೇ ಇಲ್ಲ.

ಉಳಿದ ನಿಯಮಗಳು ಚಿಕ್ಕವು. ಎಂಟು ವಾರಕ್ಕೆ ಒಂದು ಸೀಸನ್, ಅದರಲ್ಲಿ ಒಳ್ಳೆಯ ಆರು ವಾರ ಮಾತ್ರ ಲೆಕ್ಕಕ್ಕೆ. ಮದುವೆ, ಜಾತ್ರೆ, ಶಿಫ್ಟ್ ಎಲ್ಲ ಆ ಎರಡು ವಾರದಲ್ಲಿ ಹೋಗಲಿ. ಪಾಯಿಂಟ್ 10, 7, 5, 4, 3, 2. ಆಡದಿದ್ದರೆ ಸೊನ್ನೆ. ಗಾಳಿಯ ಜೋರು, ಕಷ್ಟದ ಮಟ್ಟ ಎಲ್ಲರಿಗೂ ಒಂದೇ ಇರಲಿ. ಆಡುತ್ತಿರುವಾಗ ಕರೆಂಟ್ ಹೋದರೆ ಒಂದೇ ಒಂದು ಸಲ ಮೊದಲಿಂದ ಆಡಲು ಬಿಡುತ್ತೇವೆ, ಆದರೆ ಅವನು ಕತ್ತಲಾದ ಕೋಣೆಯ ಫೋಟೋ ಆ ಕ್ಷಣವೇ ಹಾಕಬೇಕು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಗ್ರೂಪ್ ತುಂಬ ಬರೀ ಕಪ್ಪು ಫೋಟೋ.

ದುಡ್ಡು ಕಟ್ಟಬೇಡಿ. ಒಂದು ಸಲ ತಲಾ ನೂರು ರೂಪಾಯಿ ಹಾಕಿದೆವು, ಆ ಆರುನೂರಕ್ಕೆ ಆದ ಜಗಳ ಆರು ಸಾವಿರದ್ದು. ಈಗ ಸೀಸನ್ ಸೋತವನು ಎಲ್ಲರಿಗೂ ಒಗ್ಗಾಣಿ-ಮಿರ್ಚಿ ಕೊಡಿಸಬೇಕು. ಬೆಂಗಳೂರಿನವರು ಊರಿಗೆ ಬರೋಕೆ ಅದೊಂದು ನೆಪ.

ಪಟ್ಟಿಂಗ್, ಅಂದ್ರೆ ಗುಂಡಿಯ ಹತ್ತಿರ ಬಂದ ಮೇಲೆ ಚೆಂಡನ್ನು ಮೆಲ್ಲಗೆ ಉರುಳಿಸೋದು, ಅದರ ಬಗ್ಗೆ ಒಂದು ಮಾತು, ಹೊಸಬರು ಸೋಲೋದು ಅಲ್ಲೇ. ದೂರ ಹೊಡೆಯೋದು ಒಂದು ವಾರಕ್ಕೆ ಬರುತ್ತೆ. ಗುಂಡಿಯ ಹತ್ತಿರದ ನುಣುಪು ಹುಲ್ಲಿನ ಮೇಲೆ ಗೇಮ್ ಒಂದು ಬಲೆ ತೋರಿಸುತ್ತೆ, ಅದರ ಗೆರೆಗಳ ಮೇಲೆ ಸಣ್ಣ ಮಣಿಗಳು ಹರಿಯುತ್ತಿರುತ್ತವೆ. ಮಣಿ ಓಡುವ ಕಡೆ ಇಳಿಜಾರು. ಜೋರಾಗಿ ಓಡಿದರೆ ಇಳಿಜಾರು ಜಾಸ್ತಿ. ಗುಂಡಿಗೆ ಗುರಿ ಇಡಬೇಡಿ, ಮಣಿ ಬರುತ್ತಿರುವ ಕಡೆಗೆ ಇಡಿ, ಚೆಂಡು ತಾನೇ ಜಾರಿಕೊಂಡು ಬರುತ್ತೆ. ಗೋಲಿ ಆಡುವಾಗ ಅಂಗಳದ ವಾಲು ನೋಡಿ ಹೊಡೆಯುತ್ತಿದ್ದೆವಲ್ಲ, ಅದೇ.

ಎಲ್ಲರ ಹತ್ತಿರ ಪ್ಲೇಸ್ಟೇಷನ್ನೋ ಕಂಪ್ಯೂಟರೋ ಇಲ್ಲದಿದ್ದರೆ ಮೊಬೈಲಿನ ಗಾಲ್ಫ್ ಕ್ಲಾಶ್ ಇದೆ, ಆದರೆ ಅದು ಒಬ್ಬರಿಗೊಬ್ಬರು ಆಡುವ ಆಟ, ಲೀಗಿನ ಪಟ್ಟಿ ನೀವೇ ಬರೆಯಬೇಕು. ಸುಮ್ನೆ ನಗೋದಕ್ಕೆ ಅಂದ್ರೆ ಗಾಲ್ಫ್ ವಿತ್ ಯುವರ್ ಫ್ರೆಂಡ್ಸ್. ಹನ್ನೆರಡು ಜನರವರೆಗೆ ಒಟ್ಟಿಗೆ ಆಡಬಹುದು, ನಿಜವಾದ ಗಾಲ್ಫ್‌ಗೂ ಅದಕ್ಕೂ ಸಂಬಂಧ ಕಡಿಮೆ, ಮಕ್ಕಳೂ ಆಡ್ತಾರೆ. ಯಾವುದೇ ಆಗಲಿ, ಕೊಳ್ಳುವ ಮುಂಚೆ ಎಲ್ಲರ ಮಷೀನ್‌ನಲ್ಲೂ ಒಟ್ಟಿಗೆ ಆಡಲು ಬರುತ್ತಾ ನೋಡಿಕೊಳ್ಳಿ. ಮೊದಲ ವಾರಕ್ಕೆ ನೀರು ಕಡಿಮೆ ಇರುವ ಕೋರ್ಸ್ ಹಾಕಿ.

ಇವತ್ತು ಭಾನುವಾರ, ನನ್ನ ಸುತ್ತು ಇನ್ನೂ ಬಾಕಿ. ಗಂಗಾವತಿಯವನು 79 ಹೊಡೆದು ಕೂತಿದ್ದಾನೆ. ಏಳು ಕಳೆದರೆ 72. ನನಗೆ ಮೂರು ಕೂಡಿಸುತ್ತಾರೆ, ಅಂದ್ರೆ 68 ಹೊಡೆಯಲೇಬೇಕು. "ಯಾಕಲೇ, ಇನ್ನಾ ಆಡಿಲ್ಲ? ಹೆದರಿಕಿ ಆತೇನು?" ಅಂತ ಬೆಳಿಗ್ಗೆಯಿಂದ ಮೂರು ಸಲ ಹಾಕಿದ್ದಾನೆ. ಸದ್ಯಕ್ಕೆ ಕರೆಂಟ್ ಇದೆ, ನಾನು ಹೊರಟೆ.