ಗುಳಿಗೆ ನುಂಗಿದರೆ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನವಳು. ಶಿವಮೊಗ್ಗದಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಫಾರ್ಮ ಮೊದಲ ಸೆಮಿಸ್ಟರ್ ಓದುತ್ತಿದ್ದೇನೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಅನಾಟಮಿ ಹೆಸರುಗಳನ್ನು ರಾತ್ರಿ ಬಾಯಿಪಾಠ ಮಾಡಿದರೆ ಬೆಳಿಗ್ಗೆ ಒಂದೂ ಇರುವುದಿಲ್ಲ. ನಾವೇನು ಆಪರೇಷನ್ ಮಾಡುವವರೇ? ಔಷಧಿ ಕೊಡುವವರಿಗೆ 206 ಮೂಳೆ ಯಾಕೆ ಮೇಡಂ?

ಉತ್ತರ: ಇದೇ ಪ್ರಶ್ನೆಯನ್ನು ನಾನು ಕ್ಲಾಸಿನಲ್ಲಿ ಎದ್ದು ನಿಂತು ಕೇಳಿದ್ದೆ, ಉಳಿದ ಪೀರಿಯಡ್ಡು ಕಾರಿಡಾರಿನಲ್ಲಿ ಕಳೆದೆ. ಉತ್ತರ ಸಿಕ್ಕಿದ್ದು ಓದು ಮುಗಿಸಿ ತೀರ್ಥಹಳ್ಳಿಯ ಔಷಧಿ ಅಂಗಡಿಯೊಂದಕ್ಕೆ ಸೇರಿದ ಮೇಲೆ, ಅದೂ ತಪ್ಪು ಮಾಡಿ.

ಅಡಿಕೆ ಸುಲಿತದ ಕಾಲ, ಅಂಗಡಿ ತುಂಬ ಜನ. ಎದೆನೋವಿದ್ದ ಯಜಮಾನರೊಬ್ಬರಿಗೆ ಡಾಕ್ಟರು ಸಾರ್ಬಿಟ್ರೇಟ್ ಬರೆದಿದ್ದರು, ನೋವು ಬಂದಾಗ ನಾಲಿಗೆ ಅಡಿ ಇಟ್ಟುಕೊಳ್ಳಲಿಕ್ಕೆ. ನಾನು ಕೈ ರೂಢಿಯ ಮೇಲೆ ಕವರಿಗೆ ‘ನೀರಿನ ಜೊತೆ’ ಅಂತ ಗೀಚಿ ಕಳಿಸಿದೆ. ವಾರ ಬಿಟ್ಟು ಬಂದರು. “ತಂಗೀ, ನಿನ್ನ ಗುಳಿಗೆ ಕೆಲಸ ಶುರು ಮಾಡೋದರೊಳಗೆ ನೋವೇ ಬೇಜಾರಾಗಿ ಎದ್ದು ಹೋಗ್ತದೆ.” ನುಂಗ್ತಿದೀರಾ ಅಂದೆ. “ನೀನೇ ಬರೆದಿದ್ದಲ್ಲ!” ಅವರಿಗೆ ಏನೂ ಆಗಿರಲಿಲ್ಲ, ನನ್ನ ಪುಣ್ಯ. ಆ ರಾತ್ರಿ ಟ್ರಂಕಿನಿಂದ ಹಳೇ ಅನಾಟಮಿ ಪುಸ್ತಕ ಹೊರಗೆ ಬಂತು.

ಹೊಟ್ಟೆ, ಕರುಳಿನಿಂದ ಹೊರಟ ರಕ್ತ ಸೀದಾ ಹೃದಯಕ್ಕೆ ಹೋಗುವುದಿಲ್ಲ. ಪೋರ್ಟಲ್ ವೇನ್ ಹಿಡಿದು ಮೊದಲು ಲಿವರಿಗೆ ಬರಬೇಕು. ನಮ್ಮ ತೋಟದ ದಣಪೆ ಇದ್ದ ಹಾಗೆ ಅದು. ಪೋರ್ಟಲ್ ಅನ್ನುವ ಹೆಸರಿನ ಬೇರಿನಲ್ಲಿರುವುದೂ ಬಾಗಿಲೇ. ಸಾರ್ಬಿಟ್ರೇಟಿನ ಬಹುಪಾಲನ್ನು ಲಿವರ್ ಅಲ್ಲೇ ಒಡೆದುಹಾಕುತ್ತದೆ, ಉಳಿದದ್ದು ತಡವಾಗಿ ಮುಂದೆ ಹೋಗುತ್ತದೆ. ಕನ್ನಡಿ ಮುಂದೆ ನಿಂತು ನಾಲಿಗೆ ಮೇಲಕ್ಕೆತ್ತು, ಎರಡು ನೀಲಿ ಗೆರೆ ಕಾಣುತ್ತವೆ. ಅಲ್ಲಿಯ ರಕ್ತ ದಣಪೆಯ ಗೋಜಿಗೇ ಹೋಗದೆ ಕುತ್ತಿಗೆಯ ರಕ್ತನಾಳ ಇಳಿದು ಹೃದಯ ಸೇರುತ್ತದೆ. ಗುಳಿಗೆ ಅದೇ, ನಾನು ದಾರಿ ತಪ್ಪಿಸಿದ್ದೆ. ಜೀರ್ಣಾಂಗದ ಪಾಠ ನಿನಗೆ ಬರುವುದು ಎರಡನೇ ಸೆಮಿಸ್ಟರಿನಲ್ಲಿ. ಆ ಚಿತ್ರವನ್ನು ಪರೀಕ್ಷೆಗಾಗಿ ಬರೆಯಬೇಡ, ಒಂದು ಗುಳಿಗೆಯನ್ನು ನುಂಗಿಸಿ ಅದರ ಹಿಂದೆಯೇ ನಡೆದುಕೊಂಡು ಹೋಗು.

ಇನ್ನು ಮೂಳೆ. ನಮಗೆ ಹೆಣ ಕೊಯ್ಯುವ ಪಾಠವಿಲ್ಲ, ಇರುವುದು ಲ್ಯಾಬಿನ ಮೂಳೆ, ಮಾಡೆಲ್ಲು, ಸ್ಲೈಡು. ಹಾಗಾಗಿ ಎಲ್ಲರೂ ಚಾರ್ಟ್ ನೋಡಿ ಉರು ಹೊಡೆಯುತ್ತಾರೆ. ನೀನು ಫೀಮರ್, ಅಂದರೆ ತೊಡೆಮೂಳೆ ಎತ್ತಿ ನಿನ್ನ ತೊಡೆಗೇ ಹಿಡಿ. ಗುಂಡುತಲೆ ಮೇಲೆ, ಒಳಮುಖವಾಗಿ. ಉದ್ದದ ಒರಟು ಗೆರೆ ಹಿಂದಕ್ಕೆ. ಯಾವ ಕಾಲಿಗೆ ಹಾಗೆ ಕೂತಿತೋ ಆ ಕಾಲಿನದು. ವೈವಾದಲ್ಲಿ ಕೇಳುವುದೂ ಎಡವೋ ಬಲವೋ ಅಂತಲೇ. ಮಣಿಕಟ್ಟಿನ ಎಂಟು ಮೂಳೆಗೆ ಮಾತ್ರ ನನ್ನಲ್ಲೂ ಮದ್ದಿಲ್ಲ, ಉರು ಹೊಡಿ. ಇಷ್ಟು ವರ್ಷದಲ್ಲಿ ಕೌಂಟರಿಗೆ ಬಂದು ಯಾರೂ ನನ್ನನ್ನು ಪಿಸಿಫಾರ್ಮ್ ಎಲ್ಲಿದೆ ಅಂತ ಕೇಳಿಲ್ಲ.

ರಕ್ತದ ಪ್ರಾಕ್ಟಿಕಲ್ಲಿನಲ್ಲಿ ನೀನು ಪೇಟೆಯ ಮಕ್ಕಳಿಗಿಂತ ಮುಂದಿದ್ದೀಯ. ಬೆರಳು ಚುಚ್ಚಿ, ಕೂದಲಿನಷ್ಟು ಸಣ್ಣ ಗಾಜಿನ ಕೊಳವೆಗೆ ರಕ್ತ ಏರಿಸಿ, ಅರ್ಧ ನಿಮಿಷಕ್ಕೊಮ್ಮೆ ತುದಿ ಮುರಿದು ನೋಡಬೇಕು. ಮುರಿದ ತುಂಡುಗಳ ನಡುವೆ ಜೇಡನ ಎಳೆಯಂಥದ್ದು ತೂಗಿದರೆ ಅದು ಫೈಬ್ರಿನ್, ರಕ್ತ ಹೆಪ್ಪುಗಟ್ಟಿತು. ಕೆಲವೇ ನಿಮಿಷದ ಮಾತು. ಆದರೆ ಮಳೆಗಾಲದಲ್ಲಿ ಗದ್ದೆಯಿಂದ ಬಂದು ಉಂಬಳ ಕಿತ್ತೆಸೆದ ಮೇಲೆ? ಸುಣ್ಣ ಹಚ್ಚಿದರೂ ಪಾದದವರೆಗೆ ಇಳಿಯುತ್ತಲೇ ಇರುತ್ತದೆ. ಅದರ ಜೊಲ್ಲು ಫೈಬ್ರಿನ್ ಎಳೆ ಮಾಡುವ ಥ್ರಾಂಬಿನ್ನಿನ ಕೈ ಕಟ್ಟಿರುತ್ತದೆ, ಎಳೆ ನೇಯುವವರೇ ಇಲ್ಲ. ಉಂಬಳದ ಬಳಗದ್ದೇ ಆದ, ಚಿಕಿತ್ಸೆಗೆ ಬಳಸುವ ಜಿಗಣೆಯಲ್ಲಿ ಇಂಥ ಗುಣವಿದೆ ಅಂತ 1884ರಲ್ಲೇ ಹೇಕ್ರಾಫ್ಟ್ ಎಂಬಾತ ತೋರಿಸಿದ್ದ. ಆ ವಸ್ತುವೇ ಹಿರುಡಿನ್. ಅದರ ಮಾದರಿಯಲ್ಲಿ ಮಾಡಿದ ಬೈವಾಲಿರುಡಿನ್ ಇವತ್ತು ಆಂಜಿಯೋಪ್ಲಾಸ್ಟಿಯಲ್ಲಿ ಕೊಡುವ ಇಂಜೆಕ್ಷನ್. ಫಾರ್ಮಕಾಲಜಿಯಲ್ಲಿ ಆ ಹೆಸರು ಬಂದಾಗ ನಿನಗೆ ಕಾಲು ತುರಿಸದಿದ್ದರೆ ಕೇಳು.

ಪ್ರಶ್ನೆ: ನಮ್ಮ ಮಾವನವರಿಗೆ ಮಾತ್ರೆ ಗಂಟಲಲ್ಲಿ ಇಳಿಯುವುದಿಲ್ಲ. ಪ್ಯಾಂಟೊಪ್ರಜೋಲನ್ನು ಕುಟ್ಟಾಣಿಯಲ್ಲಿ ಪುಡಿ ಮಾಡಿ ಜೇನುತುಪ್ಪದಲ್ಲಿ ಕೊಡುತ್ತಿದ್ದೇನೆ. ಸರಿಯೇ? (ಗೃಹಿಣಿ, ಸಾಗರ)

ಉತ್ತರ: ಇವತ್ತೇ ನಿಲ್ಲಿಸಿ. ಆ ಮಾತ್ರೆಯ ಹೊದಿಕೆ ಅಂದಕ್ಕೆ ಹಾಕಿದ್ದಲ್ಲ. ಒಳಗಿರುವ ಔಷಧಿ ಜಠರದ ಆಮ್ಲಕ್ಕೆ ಸಿಕ್ಕರೆ ಹಾಳಾಗುತ್ತದೆ. ಹೊದಿಕೆ ಅಲ್ಲಿ ಕರಗದೆ ಸಣ್ಣ ಕರುಳಿನಲ್ಲಿ ಕರಗುತ್ತದೆ. ಕುಟ್ಟಾಣಿ ಮಾವನವರ ಎಲೆಅಡಿಕೆಗೇ ಇರಲಿ. ಬೇರೆ ರೂಪದಲ್ಲಿ ಕೊಡಬಹುದೇ ಅಂತ ಡಾಕ್ಟರನ್ನು ಕೇಳಿ. ಅನ್ನ ನುಂಗುವುದಕ್ಕೂ ಕಷ್ಟಪಡುತ್ತಿದ್ದಾರೆ ಅಂದರೆ ಮಾತ್ರೆ ವಿಷಯಕ್ಕಿಂತ ಮೊದಲು ಅದನ್ನು ಹೇಳಿ.