250 ಸಾಕೇ, 500 ಬೇಕೇ?

ಪ್ರಶ್ನೆ: ತೀರ್ಥಹಳ್ಳಿ ಸಮೀಪ ನಮ್ಮ ಮನೆ. ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ರಾತ್ರಿಯಿಡೀ ಕರೆಂಟ್ ಇರುವುದಿಲ್ಲ. ಅಮ್ಮನಿಗೆ ನೆಬ್ಯುಲೈಸರ್ ಬೇಕು. 250 ವ್ಯಾಟ್‌ಅವರ್ ಪವರ್ ಸ್ಟೇಷನ್ (ಕರೆಂಟ್ ತುಂಬಿಡುವ ಬ್ಯಾಟರಿ ಪೆಟ್ಟಿಗೆ; ವ್ಯಾಟ್‌ಅವರ್ ಎಂದರೆ ಅದು ಹಿಡಿಯುವ ಕರೆಂಟಿನ ಅಳತೆ) ಸಾಕೇ, 500ರದ್ದು ಬೇಕೇ? ತಮ್ಮ ದುಬೈಯಿಂದ ತರುತ್ತೇನೆ ಎನ್ನುತ್ತಾನೆ.

ಉತ್ತರ: ಅಮ್ಮನ ಉಸಿರಿನ ಮಾತು, 500ರದ್ದನ್ನೇ ಕೊಳ್ಳಿ. ನನ್ನ ಬಳಿ 250ರದ್ದಿದೆ. 9 ವ್ಯಾಟಿನ ಎರಡು ಬಲ್ಬು, 10 ವ್ಯಾಟಿನ ರೂಟರ್ ಹಚ್ಚಿಟ್ಟರೆ ಏಳು ಗಂಟೆಯಷ್ಟೇ ಬರುತ್ತದೆ. ಅದರೊಳಗಿನ ಇನ್ವರ್ಟರ್ ತಾನೂ ಒಂದಷ್ಟು ನುಂಗುತ್ತದೆ. ನೆಬ್ಯುಲೈಸರಿನ ತಳದ ಚೀಟಿಯಲ್ಲಿರುವ ವ್ಯಾಟ್ ನೋಡಿ. ಕಂಪ್ರೆಸರ್ ಗುಂಯ್ ಎಂದು ಶುರುವಾಗುವ ಕ್ಷಣದಲ್ಲಿ ಅದಕ್ಕಿಂತ ಹೆಚ್ಚು ಎಳೆಯುತ್ತದೆ. ಹಾಗಾಗಿ ಪವರ್ ಸ್ಟೇಷನ್ನಿನ ಔಟ್‌ಪುಟ್ ಚೀಟಿಯ ವ್ಯಾಟಿನ ಎರಡು ಮೂರು ಪಟ್ಟು ಇರಲಿ, ಪ್ಯೂರ್ ಸೈನ್ ವೇವ್ (ಮನೆಯ ಲೈನಿನಂಥ ನಯವಾದ ಕರೆಂಟ್) ಆಗಿರಲಿ. ಬ್ಯಾಟರಿ ಲಿಥಿಯಂ ಐರನ್ ಫಾಸ್ಫೇಟ್ ಇದ್ದರೆ ತೂಕ ತುಸು ಹೆಚ್ಚು, ಆದರೆ ಬಾಳಿಕೆ ಬಹಳ. ತಮ್ಮನಿಗೆ ಇಂದೇ ಫೋನ್ ಮಾಡಿ: 160 ವ್ಯಾಟ್‌ಅವರ್ ಮೀರಿದ ಬ್ಯಾಟರಿಯನ್ನು ಪ್ರಯಾಣಿಕರು ವಿಮಾನದಲ್ಲಿ ತರುವಂತಿಲ್ಲ.