ಪೋಸ್ಟರಿನ ತಮಾಷೆ ಎಲ್ಲಿರುತ್ತದೆ?

ಪ್ರಶ್ನೆ: ಆಧುನಿಕ ಪೋಸ್ಟರ್ ಮತ್ತು ಚಿತ್ರಗಳ ಹಾಸ್ಯವನ್ನು ಸವಿಯುವುದು ಹೇಗೆ?

ಉತ್ತರ: ಮೊದಲು ಅಕ್ಷರಗಳನ್ನು ಕೈಯಿಂದ ಮುಚ್ಚಿ ನೋಡಿ. ಆಗಲೂ ನಗು ಬಂದರೆ ಹಾಸ್ಯ ಚಿತ್ರದಲ್ಲೇ ಇದೆ. ಇಲ್ಲದಿದ್ದರೆ ಅದು ಜೋಕಿಗೆ ಅಂಟಿಸಿದ ಚಿತ್ರ, ಅಷ್ಟೆ. ಫ್ರಾನ್ಸಿನ ಪೋಸ್ಟರ್ ಕಲಾವಿದ ಸಾವಿನ್ಯಾಕ್ 1949ರಲ್ಲಿ ಮೊನ್‌ಸಾವೊ ಸೋಪಿಗೆ ಮಾಡಿದ ಪೋಸ್ಟರ್ ಇದರಲ್ಲಿ ಸಲೀಸಾಗಿ ಪಾಸು: ಹಸುವಿನ ಕೆಚ್ಚಲಿನಿಂದ ಇಳಿದ ಹಾಲು ನೇರವಾಗಿ ಸೋಪೇ ಆಗಿಬಿಡುತ್ತದೆ.

ಇನ್ನೊಬ್ಬ ಪೋಸ್ಟರ್ ಕಲಾವಿದ ಕಸಾಂದ್ರ್ ದುಬೊನೆ ಎಂಬ ಮದ್ಯಕ್ಕೆ ಮಾಡಿದ ಪೋಸ್ಟರ್ (1932) ಇನ್ನೂ ಜಾಣತನದ್ದು. ಮೂರು ಚೌಕಟ್ಟು. ದುಂಡನೆಯ ಬೌಲರ್ ಟೋಪಿಯವನು ಗ್ಲಾಸನ್ನು ನೋಡುತ್ತಾನೆ, ಕುಡಿಯುತ್ತಾನೆ, ಬಾಟಲಿಯಿಂದ ಮತ್ತೆ ಸುರಿದುಕೊಳ್ಳುತ್ತಾನೆ. ಬರೀ ಗೆರೆಯಾಗಿದ್ದ ಮೈಗೆ ಗುಟುಕು ಇಳಿದಂತೆಲ್ಲ ಬಣ್ಣ ಏರುತ್ತದೆ. ಕೆಳಗಿನ ಹೆಸರಿನ ಅಕ್ಷರಗಳೂ ಜೊತೆಜೊತೆಗೇ ತುಂಬಿಕೊಳ್ಳುತ್ತವೆ. ನಡುವಿನ ಚೌಕಟ್ಟನ್ನು ಮುಚ್ಚಿದರೆ ಅರ್ಧ ತಮಾಷೆ ಸತ್ತಿತು. ಆಸಾಮಿ ಮಾತ್ರ ಒಮ್ಮೆಯೂ ಹಲ್ಲು ಕಿರಿಯುವುದಿಲ್ಲ, ಗಮನಿಸಿ. ಪಾತ್ರವೇ ನಕ್ಕರೆ ನೋಡುವವನಿಗೆ ಏನು ಉಳಿಯುತ್ತದೆ?

ಪೋಸ್ಟರ್ ಕೆಡುವುದು ಬಹುಪಾಲು ಎರಡು ಜೋಕು ತುರುಕಿದಾಗ, ಇಲ್ಲವೇ ಚಿತ್ರ ಹೇಳಿದ್ದನ್ನೇ ಅಡಿಬರಹ ಮತ್ತೆ ವಿವರಿಸಿದಾಗ.

ಚಿತ್ರಕಲೆಯಲ್ಲಿ ಗೆರೆಯ ಗುಣ ನೋಡಿ. ಚಿತ್ರಕಾರ ಪೌಲ್ ಕ್ಲೇಯ ‘ಚಿಲಿಪಿಲಿ ಯಂತ್ರ’ದಲ್ಲಿ (1922, ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಮೋಮಾದಲ್ಲಿದೆ) ತಂತಿಯ ಮೇಲೆ ನಾಲ್ಕು ಹಕ್ಕಿಗಳು, ತುದಿಯಲ್ಲಿ ತಿರುಗಿಸುವ ಹಿಡಿ. ಎಣ್ಣೆಬಣ್ಣ ಬಳಿದ ಹಾಳೆಯನ್ನು ಕಾರ್ಬನ್ ಪೇಪರಿನಂತೆ ಬಳಸಿ ತೀಡಿದ್ದರಿಂದ ಗೆರೆ ಒರಟು, ಅಲ್ಲಲ್ಲಿ ಮಸಿಯ ಕಲೆ. ಹಕ್ಕಿಗಳ ಪೇಚಾಟವೆಲ್ಲ ಆ ಒರಟಿನಲ್ಲೇ ಇದೆ. ಅದನ್ನೇ ಕಂಪ್ಯೂಟರಿನಲ್ಲಿ ನುಣುಪಾಗಿ ಎಳೆದರೆ ಬರೀ ಮುದ್ದು ಹಕ್ಕಿಗಳಾಗುತ್ತವೆ.